ಸಿಮ್ ತೆಗೆದ ಫೋನು

ಭಾನುವಾರ, ಬೆಳಗ್ಗೆ ಆರೂವರೆ, ಕೊಳ್ಳೇಗಾಲದ ನಮ್ಮ ಮನೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಮೇಜಿನ ಡ್ರಾಯರ್ ಶುಚಿ ಮಾಡುವುದು ಭಾನುವಾರದ ನನ್ನ ಮೊದಲ ಕೆಲಸ. ಗುಂಡುಸೂಜಿ ಡಬ್ಬಿಯ ಕೆಳಗೆ ಪುಟ್ಟ ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಸಿಮ್ ಕಾರ್ಡು. ಮೇಲೆ ನನ್ನದೇ ದುಂಡು ಅಕ್ಷರ: 'ಪರೀಕ್ಷೆ ಮುಗಿಯುವವರೆಗೆ ಹಾಕಕೂಡದು.'

ನಿಮಗೆ ಮಾದಮ್ಮನ ವಿಷಯ ಹೇಳಬೇಕು. ರಾಮಾಪುರದಲ್ಲಿ ನಾನು ಗಣಿತದ ಮೇಷ್ಟರಾಗಿದ್ದಾಗ ಹತ್ತನೇ ತರಗತಿಗೇ ಓದು ಬಿಟ್ಟವಳು. ಮದುವೆಯಾಗಿ ಗೋಪಿನಾಥಂ ಸೇರಿ, ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು. ಹತ್ತನೇದು ಪಾಸಾದರೆ ಅಲ್ಲೇ ಟೀಚರ್ ಆಗಬಹುದಿತ್ತು. ಉಳಿದಿದ್ದುದು ಗಣಿತ ಒಂದೇ. ವಯಸ್ಸಿನ ಮಿತಿ ದಾಟುವ ಮೊದಲು ಸಿಗುತ್ತಿದ್ದುದೂ ಒಂದೇ ಪರೀಕ್ಷೆ.

"ಪುಸ್ತಕದಲ್ಲಿ ಗೆರೆಯೆಲ್ಲಾ ಗೋಜ್ಲಾಯ್ತದೆ ಸಾ. ಯಾರಾದ್ರೂ ಬರ್ಕಂಡು ಓಯ್ತಿದ್ರೆ ಮಾತ್ರ ತಿಳೀತದೆ. ವಿಡಿಯೋದಲ್ಲಿ ಅಂಗೇ ತೋರುಸ್ತಾರಂತೆ" ಎಂದು ನಮ್ಮ ಮನೆಗೆ ಬಂದು ಕೇಳಿದಳು.

ಹನೂರಿನ ಬಸ್ಸು ಹೋದರೆ ಮಕ್ಕಳು ತಿರುಗಿ ನೋಡುತ್ತವೆಂದು ಬೇಸಿಗೆಯಲ್ಲೂ ತರಗತಿಯ ಕಿಟಕಿ ಮುಚ್ಚಿಸುತ್ತಿದ್ದವನು ನಾನು. ವಿಡಿಯೋ ಎಂದರೆ ನೂರು ಬಸ್ಸು ಒಟ್ಟಿಗೆ ಹೋದಂತೆ. ಆದರೂ ಅವಳಿಗಾಗಿ ಸೋತೆ. ನನ್ನ ಹಳೇ ಫೋನಿನಲ್ಲಿ ರೇಖಾಗಣಿತದ ನಲವತ್ತೊಂದು ಪಾಠಗಳನ್ನು ಹುಡುಕಿ, ನೆಟ್ ಇಲ್ಲದೆಯೂ ನೋಡುವಂತೆ ಉಳಿಸಿ, ಯಾವುದು ಯಾವ ದಿನ ಎಂದು ಪಟ್ಟಿ ಬರೆದೆ. ಕೊನೆಗೆ ಸಿಮ್ ಕಿತ್ತೆ.

"ಫೋನಿಗೂ ಉಪವಾಸ ಹಾಕಿದ್ರಾ?" ಎಂದಳು ಹೆಂಡತಿ.

ನಾನು ನಗಲಿಲ್ಲ. ಫೋನನ್ನು ಮಾದಮ್ಮನ ಕೈಗಿಟ್ಟು, "ನೆಟ್ ಮುಟ್ಟಬಾರದು, ಯಾರೇ ಹೇಳಲಿ" ಎಂದು ಆಜ್ಞೆ ಮಾಡಿದೆ.

"ಆಯ್ತು ಸಾ."

ಐದು ವಾರ ಅವಳಿಂದ ಸುದ್ದಿಯಿರಲಿಲ್ಲ. ಸದ್ದಿಲ್ಲದಿದ್ದರೆ ಓದು ನಡೆದಿದೆ ಎಂಬುದು ನನ್ನ ಹಳೆಯ ಲೆಕ್ಕ. ಪರೀಕ್ಷೆಯ ದಿನ ಹನೂರಿಗೆ ಹೋಗಿ ಗೇಟಿನಲ್ಲಿ ನಿಂತೆ. ಹೊರಗೆ ಬಂದವಳು ನನ್ನ ಮುಖ ನೋಡಲಿಲ್ಲ.

"ವಿಡಿಯೋ ಆಮೇಲಾಮೇಲೆ ಬರ್ಲೇ ಇಲ್ಲ ಸಾ. ನಾನೇ ಏನೋ ಒತ್ತಿ ಕೆಡ್ಸ್‌ಬುಟ್ಟೆ. ಪಕ್ಕದ್ಮನೆ ಸೆಲ್ವಿ, ನಮ್ ನೆಟ್ ಕೊಡ್ತೀನಿ ಬಾಕ್ಕಾ ಅಂದ್ಲು. ನಮ್ ಸಾರು ಬ್ಯಾಡ ಅಂದವ್ರೆ ಕಣಮ್ಮಿ ಅಂದೆ."

"ನನಗೊಂದು ಫೋನ್ ಮಾಡಬಾರದಿತ್ತೇ? ನಿನ್ನ ಬಟನ್ ಸೆಟ್ ಇತ್ತಲ್ಲ?"

"ಓದದ್ ಬುಟ್ಟು ಫೋನ್ ಇಡ್ಕಂಡವ್ಳೆ ಅಂತ ಬಯ್ತೀರೇನೋ ಅಂತ..."

ಫೋನು ತೆರೆದು ನೋಡಿದೆ. ಅವಳಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಒಂದೇ ಸಾಲು. ಹಾಗೆ ಉಳಿಸಿದ ವಿಡಿಯೋಗಳು ತೆರೆಯುತ್ತಿರಬೇಕಾದರೆ ಆಗಾಗ ಒಮ್ಮೆ ನೆಟ್ ತಾಗಬೇಕಂತೆ. ಸೆಲ್ವಿಯ ಫೋನಿನಿಂದ ಒಂದು ನಿಮಿಷ ತಾಗಿದ್ದರೆ ಸಾಕಿತ್ತು. ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡು, "ಇರಲಿ ಬಿಡಮ್ಮ, ಹಳೇ ಫೋನು" ಎಂದೆ. ಅಷ್ಟೇ ಎಂದೆ.

ಮನೆಯಲ್ಲಿ ಹೆಂಡತಿ, "ಯಳಂದೂರಿಗೆ ಅಕ್ಕನ ಮನೆಗೆ ಹೋಗುವಾಗ ಬಸ್ಸಲ್ಲಿ ನಾನೂ ಹೀಗೆ ಉಳಿಸಿದ ವಿಡಿಯೋನೇ ನೋಡಲ್ವಾ? ಕೇಳಿದ್ರೆ ಹೇಳ್ತಿದ್ದೆ" ಅಂದಳು. ಕೇಳುವುದು ನನ್ನ ಪದ್ಧತಿಯಲ್ಲಿರಲಿಲ್ಲ.

ಮಾದಮ್ಮ ಪಾಸಾಗಲಿಲ್ಲ. ವಯಸ್ಸು ಮಿತಿ ದಾಟಿತು. ಟೀಚರ್ ಆಗಿ ಬೇರೆ ಹೆಣ್ಣುಮಗಳು ಬಂದಳು; ಮಾದಮ್ಮ ಈಗಲೂ ಅದೇ ಕೋಣೆ ಗುಡಿಸಿ, ಮಕ್ಕಳಿಗೆ ಬೇಯಿಸಿ ಹಾಕುತ್ತಾಳೆ. ನನ್ನ ಮಾತು ಮೀರಿದ ಎಷ್ಟೋ ಶಿಷ್ಯರು ಎಲ್ಲೆಲ್ಲೋ ಚೆನ್ನಾಗಿದ್ದಾರೆ. ಅಕ್ಷರಶಃ ಪಾಲಿಸಿದವಳು ಇವಳೊಬ್ಬಳೇ.

ಇವತ್ತು ಡ್ರಾಯರ್ ಅರ್ಧಕ್ಕೇ ಬಿಟ್ಟೆ. ಫೋನ್ ಮಾಡೋಣವೆನ್ನಿಸಿತು. ಮಾಡಿದರೆ "ಬುಡಿ ಸಾ" ಎಂದು ನನ್ನನ್ನೇ ಸಮಾಧಾನ ಮಾಡುತ್ತಾಳೆ. ಆ ಸಮಾಧಾನಕ್ಕೆ ನನಗೆ ಹಕ್ಕಿಲ್ಲ. ಕಾಗದ ತೆಗೆದುಕೊಂಡೆ. 'ಮಾದಮ್ಮ, ಫೋನು ನೀನು ಕೆಡಿಸಲಿಲ್ಲ. ತಪ್ಪು ನನ್ನದು. ಅದು ನನಗೆ ಆ ದಿನವೇ ಗೊತ್ತಿತ್ತು.' ಮುಂದಿನ ವಾಕ್ಯ ಸಂಜೆಯವರೆಗೂ ಹೊಳೆಯಲಿಲ್ಲ. ಭಾನುವಾರ ಅಂಚೆ ಎತ್ತುವುದಿಲ್ಲ. ಆದರೂ ಐದೂಕಾಲಿಗೆ ಹೋಗಿ ಅಷ್ಟನ್ನೇ ಪೆಟ್ಟಿಗೆಗೆ ಹಾಕಿ ಬಂದೆ.