ನಡುಮನೆಯ ಸಮುದ್ರ

ನಮ್ಮ ನಡುಮನೆಯಲ್ಲಿ ಆರಡಿ ಉದ್ದದ ಒಂದು ಕಬ್ಬಿಣದ ಸ್ಟ್ಯಾಂಡ್ ಇದೆ. ಅದರ ಮೇಲೆ ಖಾಲಿ ಗಾಜಿನ ಟ್ಯಾಂಕ್. ಬಂದವರೆಲ್ಲ "ಯಾಕೆ ಖಾಲಿ ಬಿಟ್ಟಿದ್ದೀರಾ, ಒಂದೆರಡು ಮೀನಾದ್ರೂ ಬಿಡಬಾರ್ದಾ?" ಎಂದು ಕೇಳುತ್ತಾರೆ. ಟೈಮಿಲ್ಲ ಎನ್ನುತ್ತೇನೆ. ಅದು ಸುಳ್ಳು. ಸಂಜೆ ಮನೆಗೆ ಬಂದರೆ ಮಾತಾಡಿಸುವವರೇ ಇಲ್ಲದ ನನಗೆ ಈಗ ಬೇಕಾದಷ್ಟು ಟೈಮಿದೆ.

ಆ ಟ್ಯಾಂಕ್ ಮೊದಲು ಇದ್ದದ್ದು ಬಾಶೆಟ್ಟಿಹಳ್ಳಿಯ ನಮ್ಮ ಫ್ಯಾಕ್ಟರಿಯ ರಿಸೆಪ್ಷನ್ನಿನಲ್ಲಿ. ನಾನು ಅಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಅದನ್ನು ನೋಡಿಕೊಳ್ಳಲು ಬೆಂಗಳೂರಿನಿಂದ ಬರುತ್ತಿದ್ದವರು ಬರುವುದು ನಿಲ್ಲಿಸಿದಾಗ, ಕೆಟ್ಟ ಮೋಟಾರು, ಸೋರುವ ನಲ್ಲಿಗಳ ಜೊತೆ ಅದೂ ನನ್ನ ತಲೆಗೇ ಬಂತು. ಬೈದುಕೊಂಡೇ ಕಲಿತೆ. ಉಪ್ಪು ಬೆರೆಸುವುದು, ನೀರು ಬದಲಾಯಿಸುವುದು, ಹವಳಕ್ಕೆ ಎಷ್ಟು ಬೆಳಕು ಬೇಕು, ಎಷ್ಟು ಅಲೆ ಬೇಕು ಎಲ್ಲ. ಆರು ತಿಂಗಳಾಗುವಷ್ಟರಲ್ಲಿ ಊಟದ ಬಿಡುವಿನಲ್ಲೂ ಅದರ ಮುಂದೆಯೇ ನಿಂತಿರುತ್ತಿದ್ದೆ. ಈ ವಯಸ್ಸಿಗೂ ಒಮ್ಮೆಯೂ ಸಮುದ್ರ ನೋಡಿರದವನಿಗೆ ಸಮುದ್ರದ ಹುಚ್ಚು ಹಿಡಿಯಿತು. ಆಡಳಿತ ಬದಲಾಗಿ, ಹೊಸದಾಗಿ ಬಂದವರು "ಇದನ್ನೆಲ್ಲ ಎತ್ತಿಸಿ" ಅಂದಾಗ, ನಾನೇ ತಗೊಂಡು ಹೋಗ್ತೀನಿ ಸಾರ್ ಎಂದೆ.

ಎತ್ತಿಕೊಂಡು ಬಂದವನು ನನ್ನ ತಮ್ಮ. ನಾನು ಬರೀ ಜೋಪಾನ, ಜೋಪಾನ ಎಂದು ಕೂಗುತ್ತಿದ್ದೆ, ಅಷ್ಟೆ.

ತಮ್ಮನೂ ನಾನೂ ಆಗ ಒಂದೇ ಮನೆಯಲ್ಲಿದ್ದೆವು. ಎರಡು ಸಂಸಾರ, ಒಂದೇ ಅಡುಗೆಮನೆ. ಜಂಟಿ ಜಮೀನಿನಲ್ಲಿ ಅವನು ಪಾಲಿಹೌಸ್ ಹಾಕಿ ರೋಜಾ ಬೆಳೆಯುತ್ತಿದ್ದ. ಅಂದು ಹೂ ಸಾಗಿಸುವ ತನ್ನ ಪಿಕಪ್‌ನಲ್ಲಿ ಹಾಸಿಗೆ ಹಾಸಿ, ಟ್ಯಾಂಕಿಗೆ ಕೌದಿ ಸುತ್ತಿ, ನಾಲ್ಕು ಆಳುಗಳ ಜೊತೆ ತಾನೂ ಹೆಗಲು ಕೊಟ್ಟು ಇಳಿಸಿದ. ತುಂಬಿಸಿದರೆ ಏಳುನೂರು ಲೀಟರ್ ಆಗುತ್ತೆ ಎಂದಾಗ ಅವನು ನಕ್ಕುಬಿಟ್ಟ. "ಅಣ್ಣ, ಇದು ಮೀನಿನ ತೊಟ್ಟಿ ಅಲ್ಲ ಕಣಣ್ಣ, ಓವರ್‌ಹೆಡ್ ಟ್ಯಾಂಕು" ಎಂದವನೇ ಪಾಲಿಹೌಸಿನಲ್ಲಿ ಮಿಕ್ಕ ಕಬ್ಬಿಣ ತಂದು ಎರಡು ದಿನ ಕೂತು ಸ್ಟ್ಯಾಂಡ್ ವೆಲ್ಡಿಂಗ್ ಮಾಡಿದ. ನೀಲಿ ಬಣ್ಣ ಬಳಿದ. ಇವತ್ತಿಗೂ ಅದು ಒಂದಿಷ್ಟೂ ವಾಲಿಲ್ಲ.

ಮೊದಲ ಒಂದೂವರೆ ತಿಂಗಳು ಟ್ಯಾಂಕಿನಲ್ಲಿ ಉಪ್ಪುನೀರು ಮತ್ತು ಕಲ್ಲು ಬಿಟ್ಟು ಬೇರೇನೂ ಇರಲಿಲ್ಲ. ನೀರನ್ನು ಶುದ್ಧವಾಗಿಡುವ ಸೂಕ್ಷ್ಮಜೀವಿಗಳು ಬೆಳೆದು ಕಲ್ಲು ಪಳಗುವವರೆಗೆ ಮೀನು, ಹವಳ ಬಿಡಬಾರದು. ಇದನ್ನು ಊರವರಿಗೆ ಹೇಳಿ ಒಪ್ಪಿಸುವುದು ನನ್ನಪ್ಪನಾಣೆ ಸಾಧ್ಯವಿರಲಿಲ್ಲ. ಪಕ್ಕದ ಮನೆಯ ಯಜಮಾನರು ದಿನಾ ಬಂದು ಬಗ್ಗಿ ನೋಡಿ, "ಏನಪ್ಪಾ, ಕಲ್ಲಿಗೆ ಲೈಟ್ ಹಾಕ್ಕೊಂಡು ಕೂತಿದ್ದೀಯ, ಮರಿ ಹಾಕ್ತಾ?" ಎನ್ನುತ್ತಿದ್ದರು. ಆಮೇಲೆ ಬಸವನಹುಳು ಬಂದವು. ಆಮೇಲೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೊತೆ ಮೀನು, ಕೆಂಪು ಬೆನ್ನಿನ ಸೀಗಡಿ. ಕೊನೆಗೆ ಹವಳ: ಅಣಬೆಯಂಥವು, ಬೆರಳಿನಂಥವು, ಹಸಿರು ಹುಲ್ಲಿನ ಹಾಗೆ ಅಲೆಗೆ ತೊನೆಯುವಂಥವು. ನೀಲಿ ದೀಪ ಹಾಕಿದರೆ ಇಡೀ ನಡುಮನೆ ಬೇರೆಯೇ ಆಗುತ್ತಿತ್ತು. ಆಗ ಅದೇ ಯಜಮಾನರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು, ತಾವೇ ಸಾಕಿದವರ ಹಾಗೆ ವಿವರಿಸುತ್ತಿದ್ದರು.

ಒಮ್ಮೆ ಗಾಳಿಮಳೆಗೆ ಕಂಬ ಮುರಿದು ಇಡೀ ದಿನ ಕರೆಂಟು ಹೋಯಿತು. ಪಂಪು ನಿಂತರೆ ಒಳಗಿರುವುದೆಲ್ಲ ಉಸಿರುಗಟ್ಟಿ ಸಾಯುತ್ತದೆ. ನಾನು ಫ್ಯಾಕ್ಟರಿಯಲ್ಲಿದ್ದೆ. ತಮ್ಮ ಹೂ ಇಡುವ ಕೋಲ್ಡ್ ರೂಮಿನ ಜನರೇಟರನ್ನೇ ಬಿಚ್ಚಿ, ಪಿಕಪ್‌ಗೆ ಹೇರಿಕೊಂಡು ಮನೆಗೆ ತಂದು ಓಡಿಸಿದ. ಅಂದು ಕೊಯ್ದಿಟ್ಟ ಅವನ ಹೂವೆಲ್ಲ ಬಾಡಿದವು. ಅದನ್ನು ಅವನು ನನಗೆ ಹೇಳಲಿಲ್ಲ, ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದಳು. ಇಂಥ ತಮ್ಮ ಅವನು. ಮುಂದೆ ನಾನು ಮಾಡಿದ್ದನ್ನು ಹೇಳುವ ಮೊದಲು ಇದನ್ನು ಹೇಳಲೇಬೇಕಿತ್ತು.

ಟ್ಯಾಂಕಿನ ನೀರು ದಿನಕ್ಕೆ ಒಂದು ಬಕೆಟ್‌ನಷ್ಟು ಆವಿಯಾಗುತ್ತದೆ. ಉಪ್ಪು ಒಳಗೇ ಉಳಿಯುತ್ತದೆ. ಅದಕ್ಕೆ ದಿನಾ ಅಷ್ಟೇ ಸಿಹಿನೀರು ಸೇರಿಸಬೇಕು. ನಮ್ಮ ಬೋರ್‌ವೆಲ್ ನೀರು ನಡೆಯುವುದಿಲ್ಲ, ಫಿಲ್ಟರ್ ನೀರೇ ಆಗಬೇಕು. ನಾನು ಫಸ್ಟ್ ಶಿಫ್ಟಿಗೆ ಬೆಳಗ್ಗೆಯೇ ಹೊರಡುವುದರಿಂದ ಆ ಕೆಲಸ ಹೆಂಡತಿಯದು. ಸಂಕ್ರಾಂತಿ ಕಳೆದು ಬಿಸಿಲು ಏರಿದಾಗ, ನೀರು ಹಿಡಿದಿಡುತ್ತಿದ್ದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪಾಚಿ ಕಟ್ಟಿತು. ನನಗೆ ಕೋಪ ಬಂತು. ಕೋಪ ಬರಲು ನನಗೆ ದೊಡ್ಡ ಕಾರಣ ಬೇಕಿಲ್ಲ.

"ವಾಸ್ನೆ ನೋಡೇ ಇದು! ನಾವು ಕುಡಿಯೋ ನೀರನ್ನ ಹಿಂಗೇ ಇಡ್ತೀಯಾ? ಕುಡಿಯೋ ನೀರು ಹೆಂಗೆ ನೋಡ್ಕೊತೀಯೋ ಹಂಗೇ ಇದನ್ನೂ ನೋಡ್ಕೊ" ಎಂದು ರೇಗಿದೆ.

"ಆಯ್ತು ಬಿಡಿ" ಎಂದಳು.

ಮರುದಿನದಿಂದ ವಾಸನೆ ಇಲ್ಲ, ಪಾಚಿ ಇಲ್ಲ. ನಾನು ಬೀಗಿದೆ.

ಶಿವರಾತ್ರಿ ಹೊತ್ತಿಗೆ ಬಸವನಹುಳುಗಳು ಗಾಜಿನಿಂದ ಉದುರತೊಡಗಿದವು. ಸೀಗಡಿ ಸತ್ತಿತು. ಹುಲ್ಲಿನಂಥ ಹವಳ ಬೆಳಗ್ಗೆ ಅರಳುವುದು ನಿಂತು, ಮುದುಡಿಕೊಂಡು, ಕಂದುಬಣ್ಣದ ಲೋಳೆಯಾಗಿ ಕಲ್ಲಿನಿಂದ ಜಾರಿತು. ಮೀನುಗಳು ಮಾತ್ರ ಏನೂ ಆಗದ ಹಾಗೆ ಓಡಾಡುತ್ತಿದ್ದವು. ನನ್ನ ಬಳಿ ಇದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆ, ಎಲ್ಲ ಸರಿಯಾಗಿತ್ತು. ಬೆಂಗಳೂರಿನ ಅಂಗಡಿಯವನು ಫೋನಿನಲ್ಲಿ "ಸಾರ್, ತಾಮ್ರ ಏನಾದ್ರೂ ನೀರಿಗೆ ತಾಗ್ತಿದ್ಯಾ ನೋಡಿ, ಹವಳಕ್ಕೆ ಅದು ವಿಷ" ಎಂದ. ನಮ್ಮನೇಲಿ ಎಲ್ಲ ಪಿವಿಸಿ ಪೈಪು ಕಣ್ರೀ, ನಾನು ಮೆಂಟೆನೆನ್ಸಿನವನು, ನನಗೇ ಹೇಳಿಕೊಡ್ತೀರಾ ಎಂದು ಫೋನ್ ಇಟ್ಟೆ.

ಆ ವಾರವೇ ಒಂದು ಸಂಜೆ ಬಾಗಿಲಲ್ಲಿ ಕಾಲಿಡುವಾಗ ಕಂಡೆ: ತಮ್ಮ ಮೊಣಕೈವರೆಗೆ ಟ್ಯಾಂಕಿನೊಳಗೆ ಕೈ ಬಿಟ್ಟು, ಮಗುಚಿ ಬಿದ್ದ ಒಂದು ಹವಳದ ಕಲ್ಲನ್ನು ನೆಟ್ಟಗೆ ಇಡುತ್ತಿದ್ದ. ಅಂದು ಅವನು ಪಾಲಿಹೌಸಿನಲ್ಲಿ ನುಸಿಗೆ ಔಷಧಿ ಹೊಡೆದಿದ್ದು ನನಗೆ ಗೊತ್ತಿತ್ತು. ಅವನ ಅಂಗಿಯಲ್ಲಿ ಆ ವಾಸನೆ ಇತ್ತು. ನನಗೆ ಅಷ್ಟು ಸಾಕಾಯಿತು. ಅದನ್ನು ಒಳಗೇ ಇಟ್ಟುಕೊಂಡು ಬೇಯಿಸಿದೆ.

ಬೆಂದದ್ದು ಹೊರಬಿದ್ದದ್ದು ಯುಗಾದಿಯ ಮರುದಿನ, ಹೊಸತೊಡಕಿನ ಬಾಡೂಟದಲ್ಲಿ. ತಮ್ಮನ ಮಾವ, ಬಾಮೈದ ಎಲ್ಲ ಬಂದಿದ್ದರು. ಎಲೆ ಹಾಕಿ, ಮುದ್ದೆ ಬಡಿಸಿ ಆಗಿತ್ತು. ಅಂದು ಬೆಳಗ್ಗೆಯಷ್ಟೇ ಕೊನೆಯ ಹವಳ ಸತ್ತಿತ್ತು. ಬಾಮೈದ ಏನೋ ಮಾತಿಗೆ ನನ್ನ ಕಡೆ ತಿರುಗಿ, "ಏನ್ ಭಾವ, ಸಮುದ್ರ ಬತ್ತೋಯ್ತಾ?" ಎಂದು ನಗಾಡಿದ.

"ಬತ್ತಲಿಲ್ಲ ಕಣಪ್ಪ, ಇಲ್ಲಿ ಕೂತಿದ್ದಾನಲ್ಲ ನಿಮ್ಮ ಭಾವ, ಇವನೇ ವಿಷ ಹಾಕ್ದ" ಎಂದೆ.

ತಮ್ಮ ತುತ್ತು ಹಿಡಿದವನು ಹಾಗೇ ನನ್ನನ್ನು ನೋಡಿದ. "ಅಣ್ಣ, ಸೋಪು ಹಾಕಿ ತೊಳ್ಕೊಂಡೇ ಕೈ ಇಟ್ಟಿದ್ದು ಕಣಣ್ಣ. ಬಿದ್ದೋಗಿತ್ತು ಅಂತ ಎತ್ತಿಟ್ಟೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಿಗೆಗೆ ಕಡಿವಾಣ ಇದ್ದಿದ್ದರೆ ನಾನು ಇವತ್ತು ಈ ಮನೆಯಲ್ಲಿ ಮಾತುಕತೆಯಿಲ್ಲದೆ ಹೀಗೆ ಕೂತಿರುತ್ತಿರಲಿಲ್ಲ. ಹಿಂದಿನ ವರ್ಷ ಬೂದಿರೋಗ ಬಂದು ಅವನ ಅರ್ಧ ಪಾಲಿಹೌಸು ಹಾಳಾಗಿತ್ತು. ಅದನ್ನೂ ಎಳೆದು ತಂದೆ. "ನಿನ್ನ ಕೈನಲ್ಲೇ ವಿಷ ಇರೋದು ಕಣೋ. ಅಲ್ಲಿ ಹೂವ ಸಾಯ್ಸಿದ್ದಾಯ್ತು, ಇಲ್ಲಿ ಬಂದು ಇದನ್ನೂ ಸಾಯ್ಸಿದೆ."

ಹೆಣ್ಣು ಕೊಟ್ಟ ಮಾವನ ಎದುರಿಗೆ. ಎಲೆಯ ಮುಂದೆ.

ತಮ್ಮ ಎದ್ದು ಕೈ ತೊಳೆದ. ಅವನ ಹಿಂದೆ ಅವನ ಮಾವ, ಬಾಮೈದ. ಯಾರೂ ಜಗಳ ಆಡಲಿಲ್ಲ. ಹದಿನೈದು ದಿನಕ್ಕೆ ಅವನು ಜಮೀನಿನ ಶೀಟ್ ಮನೆಗೆ ಹೆಂಡತಿಯನ್ನು ಕರೆದುಕೊಂಡು ಹೋದ. ಪಾತ್ರೆ ಪಗಡ ಪಿಕಪ್‌ಗೆ ಹೇರುವಾಗ ನಾನು ಟ್ಯಾಂಕಿನ ಮುಂದೆ ಕೂತಿದ್ದೆ.

ನೀರನ್ನೆಲ್ಲ ತೆಗೆದು ಹೊಸದಾಗಿ ತುಂಬಿಸಿದೆ. ಹೊಸ ಬಸವನಹುಳು ತಂದು ಬಿಟ್ಟೆ. ಎರಡೇ ವಾರದಲ್ಲಿ ಅವೂ ಉದುರಿದವು. ಈಗ ಕೈ ಹಾಕಲು ಮನೆಯಲ್ಲಿ ತಮ್ಮನಿರಲಿಲ್ಲ. ಅಂದು ಫೋನಿನಲ್ಲಿ ಕೇಳಿದ್ದ ಮಾತು ನೆನಪಾಯಿತು. ಅಂಗಡಿಗೆ ಹೋಗಿ ತಾಮ್ರ ಪರೀಕ್ಷೆ ಮಾಡುವ ಕಿಟ್ ತಂದೆ. ಟ್ಯಾಂಕಿನ ನೀರಿಗೆ ಹನಿ ಹಾಕಿದರೆ ಬಣ್ಣ ಬಂತು. ಫಿಲ್ಟರಿನಿಂದ ನೇರವಾಗಿ ಹಿಡಿದ ನೀರಿಗೆ ಬರಲಿಲ್ಲ.

"ದಿನಾ ಹಾಕ್ತೀಯಲ್ಲ, ಆ ನೀರು ಎಲ್ಲಿಟ್ಟಿರ್ತೀಯಾ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋದಳು. ನನ್ನ ತಾಯಿಯ ಕಾಲದ ಎರಡು ತಾಮ್ರದ ಕೊಡ. ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಹೊಳೆಯುತ್ತಿದ್ದವು. ಒಂದರಲ್ಲಿ ನಾವು ಕುಡಿಯುವ ನೀರು, ಇನ್ನೊಂದರಲ್ಲಿ ಮೀನಿನ ನೀರು. ಮೂರು ತಿಂಗಳಿಂದ ಆ ಎರಡನೆಯದೂ ಅಲ್ಲೇ ಇತ್ತು. ಕೂತಲ್ಲಿಗೆ ನೀರು ತರಿಸಿಕೊಂಡು ಕುಡಿಯುವ ನಾನು ಅಡುಗೆಮನೆಯ ಆ ಮೂಲೆ ನೋಡಿಯೇ ಇರಲಿಲ್ಲ.

"ಕುಡಿಯೋ ನೀರಿನ ಹಂಗೇ ನೋಡ್ಕೊ ಅಂದ್ರಲ್ಲ ನೀವು" ಎಂದಳು. "ತಾಮ್ರದಲ್ಲಿ ಇಟ್ರೆ ನೀರು ಕೆಡಲ್ಲ ಅಂತ ಅತ್ತೆ ಹೇಳೋರು. ದಿನಾ ಬೆಳಗಿಟ್ಟೆ."

ವಿಷಯ ತಿಳಿಸಿದೆ. ಅವಳು ಮೀನಿನ ನೀರಿನ ಕೊಡ ಬಗ್ಗಿಸಿ ಬಚ್ಚಲಿಗೆ ಚೆಲ್ಲಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ನಡೀರಿ, ಈಗ್ಲೇ ಹೋಗಿ ಅವ್ರಿಗೆ ಹೇಳ್ಬಿಟ್ಟು ಬರಣ" ಎಂದಳು.

ನಾನು ಹೋಗಲಿಲ್ಲ. "ಏನಂತ ಹೇಳ್ಲಿ? ನನ್ ಹೆಂಡ್ತಿನೇ ವಿಷ ಹಾಕಿದ್ಲು ಅಂತ ಹೇಳ್ಲಾ?" ಎಂದೆ.

ಅವಳ ಬಾಯಿ ಮುಚ್ಚಿಸಲು ಅದೊಂದೇ ಮಾತು ಸಾಕಾಯಿತು. ಅದು ಎಂಥ ಹೇಡಿತನ ಎಂದು ಆಡುವಾಗಲೇ ನನಗೆ ಗೊತ್ತಿತ್ತು. ಅಂದಿನಿಂದ ಅವಳು ಊಟಕ್ಕೆ ಬನ್ನಿ ಎನ್ನುತ್ತಾಳೆ, ಬೀಗದ ಕೈ ಇಲ್ಲಿದೆ ಎನ್ನುತ್ತಾಳೆ. ಬೇರೆ ಮಾತಿಲ್ಲ. ಮೀನುಗಳನ್ನು ಅಂಗಡಿಗೆ ವಾಪಸ್ ಕೊಟ್ಟು ಟ್ಯಾಂಕ್ ಒಣಗಿಸಿದೆ.

ಹೋದ ತಿಂಗಳು ತಮ್ಮ ಬಂದಿದ್ದ. ಜಮೀನಿನಲ್ಲೇ ಗಟ್ಟಿ ಮನೆ ಕಟ್ಟಿದ್ದಾನೆ, ಗೃಹಪ್ರವೇಶಕ್ಕೆ ಕರೆಯಲು. ಹೊರಗೆ ನಲ್ಲಿಯ ಸದ್ದು ಕೇಳಿ ಕಿಟಕಿಯಲ್ಲಿ ನೋಡಿದೆ. ಅಂಗಳದ ನಲ್ಲಿಯ ಕೆಳಗೆ ಕೂತು, ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿ ತೊಳೆಯುತ್ತಿದ್ದ. ತೊಳೆದು, ಮೂಸಿ ನೋಡಿ, ಮತ್ತೊಮ್ಮೆ ಸೋಪು ಹಚ್ಚಿದ. ಒಳಗೆ ಬಂದವನು ಪತ್ರಿಕೆಯನ್ನು ಅತ್ತಿಗೆಯ ಕೈಗೆ ಕೊಟ್ಟ. ನನ್ನ ಕಡೆ ತಿರುಗಿ "ಬಾ ಅಣ್ಣ" ಎಂದ. ಕೂರು ಎಂದರೆ ಕೂರಲಿಲ್ಲ. ಟ್ಯಾಂಕ್ ಖಾಲಿ ಎಂದು ಊರಿಗೆಲ್ಲ ಗೊತ್ತಿರುವ ಹಾಗೆ ಅವನಿಗೂ ಗೊತ್ತಿತ್ತು. ಆದರೂ ತಾನೇ ವೆಲ್ಡಿಂಗ್ ಮಾಡಿದ ಸ್ಟ್ಯಾಂಡಿನಿಂದ ದೂರ, ಗೋಡೆ ಪಕ್ಕ, ಒದ್ದೆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ.

ಹೆಂಡತಿ ನನ್ನ ಮುಖ ನೋಡಿದಳು. ಅವಳು ಯಾವ ಮಾತಿಗೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನಾನು ಟವೆಲ್ ತಂದು ತಮ್ಮನ ಕೈಗೆ ಕೊಟ್ಟು, ಮುಹೂರ್ತ ಎಷ್ಟೊತ್ತಿಗೆ ಎಂದು ಕೇಳಿದೆ.