ತಂಗಿಯ ಮುಷ್ಟಿಗೆ ಗೋಡೆಯಾದವಳು

ಬಾಕ್ಸಿಂಗ್ ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ‘ಗೋಡೆ’ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ, ಸಂಜೆ ರಿಂಗಿಗಿಳಿದು ಪೆಟ್ಟು ತಿನ್ನುವುದೇ ಅವಳ ಪಾಲಿಗೆ ಬಂದಿದ್ದ ಆಟ. ಎಂಟು ವರ್ಷಗಳಲ್ಲಿ ಅಲ್ಲಿಂದ ಗೆದ್ದು ಬಂದ ಹುಡುಗಿಯರೆಲ್ಲ ಅವಳ ಮುಖದ ಮೇಲೇ ಕೈ ಪಳಗಿಸಿಕೊಂಡವರು. ಈಗಿನ ಸರದಿ ಅವಳ ಒಡಹುಟ್ಟಿದ ತಂಗಿಯದು. ಆ ತಂಗಿಯನ್ನು ಕೈಹಿಡಿದು ಅಲ್ಲಿಗೆ ಕರೆತಂದವಳೂ ಅವಳೇ.

ಇಪ್ಪತ್ತಾರು ತುಂಬಿದಾಗ ಹಠ ಹಿಡಿದು ಮೊದಲ ಸಲ ತನ್ನ ಹೆಸರನ್ನೂ ಪಂದ್ಯಕ್ಕೆ ಬರೆಸಿದಳು. ತಪಾಸಣೆಯ ದಿನ ಡಾಕ್ಟರು ಅವಳ ಎಡಗಣ್ಣಿಗೆ ಬೆಳಕು ಬಿಟ್ಟು ನೋಡಿ ಗದರಿದರು.

“ಇನ್ನೂ ಆಡ್ತಿದ್ದೀಯೇನಮ್ಮಾ? ಒಳಪದರ ಹರಿದಿದೆ, ಆಟ ನಿಲ್ಲಿಸಬೇಕು ಅಂತ ಎರಡು ವರ್ಷದ ಹಿಂದೆ ಕ್ಲಬ್ಬಿನವರನ್ನೆಲ್ಲ ಪರೀಕ್ಷಿಸಿದಾಗಲೇ ಬರೆದು ನಿಮ್ಮ ಕೋಚ್ ಕೈಗೆ ಕೊಟ್ಟಿದ್ದೆನಲ್ಲ! ಈಗ ಕಾಲ ಮಿಂಚಿತು.”

ಅವಳು ನೆಟ್ಟಗೆ ಕ್ಲಬ್ಬಿಗೆ ಬಂದು ಆ ಚೀಟಿಯನ್ನು ಯಾಕೆ ಮುಚ್ಚಿಟ್ಟಿರೆಂದು ಕೇಳಿದಳು. ತಂಗಿಯ ಕೈಗೆ ಪಟ್ಟಿ ಸುತ್ತುತ್ತಿದ್ದ ಕೋಚ್ ತಲೆ ಎತ್ತಲಿಲ್ಲ.

“ಹೇಳಿದ್ರೆ ನೀನು ಬರ್ತಿದ್ಯಾ? ಇವಳನ್ನ ಯಾರ ಮೇಲೆ ತಯಾರು ಮಾಡಲಿ?”

ಅವಳು ತಂಗಿಯತ್ತ ತಿರುಗಿದಳು. “ನಿನಗೂ ಗೊತ್ತಿತ್ತೇನೇ?”

ತಂಗಿ ಇನ್ನೊಂದು ಕೈಯನ್ನೂ ಪಟ್ಟಿಗೆ ಚಾಚಿದಳು. “ಹೇಗೂ ಹೋಗಿರೋ ಕಣ್ಣಲ್ವಾ ಅಕ್ಕಾ? ಫೈನಲ್ ಮುಗಿಯೋವರೆಗೆ ಬಾ. ಆ ಕಡೆಗೇ ಹೊಡೀತೀನಿ, ಇನ್ನೊಂದನ್ನ ಮುಟ್ಟಲ್ಲ.”

ಅವಳು ಹೊರಟುಬಿಟ್ಟಳು. ಮರುದಿನವೇ ಕೋಚ್ ಹೊಸದಾಗಿ ಸೇರಿದ್ದ ಒಬ್ಬಳನ್ನು ಆ ಜಾಗಕ್ಕೆ ನಿಲ್ಲಿಸಿದರು. ತಂಗಿ ಫೈನಲ್ ಗೆದ್ದಳು. ಪದಕ ಹಿಡಿದು ಮನೆಗೆ ಬಂದರೆ ಅಕ್ಕ ಬಾಗಿಲು ತೆಗೆಯಲಿಲ್ಲ. ಒಳಗೆ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು, ಬಡಿದು ಬಡಿದು ತಂಗಿಯ ಕೈ ಸೋಲುವವರೆಗೂ ಅಲುಗಾಡದೆ ಕೂತಿದ್ದಳು.