ರಂಗದ ಮೇಲೆ ಭಾವ ಹಾಕಿದ ಪಾಲು

ನಾಟಕ ಚೆನ್ನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಭಾವ ಅದರಲ್ಲಿ ವೇಷ ಹಾಕಿದ್ದಕ್ಕೆ ನಾನು ಅದರ ಪರ ಮಾತಾಡುತ್ತಿದ್ದೇನೆ ಎಂದುಕೊಳ್ಳುವವರಿದ್ದಾರೆ. ಆದರೆ ನೋಡಲು ಬಂದವರು ನಾಟಕಕ್ಕಿಂತ ಕಡೆಯಾಗಿದ್ದರು. ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳುವಷ್ಟು ಗಂಡಸುತನವೂ ಅವರಲ್ಲಿ ಇರಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ಹೊಸತು. ಮಡಿಕೇರಿಯ ಕಚೇರಿಗಳ ತುಂಬ ಬಯಲುಸೀಮೆಯ ಗುಮಾಸ್ತರು ಬಂದು ಕೂತಿದ್ದರು. ಮಳೆಗೆ ಹೆದರುವ ಜನ. ಐದು ಗಂಟೆಗೆ ಫೈಲು ಮುಚ್ಚಿದರೆ ಮಾಡಲು ಬೇರೆ ಕೆಲಸವಿಲ್ಲ. ಮಫ್ಲರು ಸುತ್ತಿಕೊಂಡು ಒಂದು ನಾಟಕ ಸಂಘ ಕಟ್ಟಿದರು. ಅವರಲ್ಲೊಬ್ಬ ಹೆಡ್ ಕ್ಲರ್ಕು ತಾನೇ ಒಂದು ನಾಟಕ ಬರೆದ. ಜೈಲಿನಲ್ಲಿ ಕೈದಿಗಳು ಸೇರಿ ನಾಟಕ ಆಡುವ ಕಥೆ. ಒಳ್ಳೆಯ ಜೈಲರು, ಮನಸ್ಸು ತಿರುಗಿದ ಕೈದಿಗಳು, ಕೊನೆಗೆ ಒಬ್ಬ ಬಿಡುಗಡೆಯಾಗಿ ಮನೆಗೆ ಬಂದರೆ ಊರವರು ಹಾರ ಹಾಕುವುದು. ಆ ಮನುಷ್ಯ ಜೈಲಿನ ಗೋಡೆಯನ್ನು ರಸ್ತೆಯ ಕಡೆಯಿಂದ ಬಿಟ್ಟು ನೋಡಿದವನೇ ಅಲ್ಲ. ಅದಕ್ಕೇ ನನ್ನ ಭಾವನನ್ನು ಹುಡುಕಿಕೊಂಡು ನಮ್ಮೂರು ಗಾಳಿಬೀಡಿಗೆ ಬಂದದ್ದು.

ಭಾವ ಅಂದರೆ ನನ್ನ ಅಕ್ಕನ ಗಂಡ. ಗದ್ದೆಗೆ ನೀರು ಬಿಡುವ ಜಗಳದಲ್ಲಿ ಪಕ್ಕದ ಗದ್ದೆಯವನಿಗೆ ಕತ್ತಿಯ ಹಿಂಬದಿಯಿಂದ ಹೊಡೆದು ತೋಳು ಮುರಿದು, ಅದಕ್ಕಾಗಿ ಜೈಲು ಕಂಡು ಬಂದವನು. ಅಲ್ಲಿಯ ಸಾಹೇಬರು ಕೈದಿಗಳಿಂದ ನಿಜವಾಗಿಯೂ ಒಂದು ನಾಟಕ ಆಡಿಸಿದ್ದರು. ಅದರಲ್ಲಿ ಭಾವನದ್ದು ರಾಜ್ಯ ಕಳಕೊಂಡ ರಾಜನ ವೇಷ. ಬಿಡುಗಡೆಯಾಗಿ ಬಂದಾಗ ಊರಿನಲ್ಲಿ ಯಾರೂ ಅವನನ್ನು ಬೈಯಲಿಲ್ಲ. "ಬಂದ್ಯ? ಒಳ್ಳೆದಾತ್" ಎಂದರು. ಆದರೆ ಬೇಟೆಗೆ ಕರೆಯಲಿಲ್ಲ.

ಇದರ ಅರ್ಥ ನಮ್ಮ ಕಡೆಯವರಿಗೆ ಗೊತ್ತು. ಆಗಿನ್ನೂ ಹಂದಿ ಬೇಟೆಗೆ ಅಡ್ಡಿಯಿರಲಿಲ್ಲ. ನಾಟಿ ಮುಗಿದು ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಪೂಜೆಯಾದ ಮೇಲೆ ಊರಿಗೆ ಊರೇ ಕಾಡಿಗೆ ಹೋಗುತ್ತಿತ್ತು. ಹಂದಿ ಬಿದ್ದರೆ ಅಲ್ಲೇ ಎಲೆಗಳನ್ನು ಸಾಲಾಗಿ ಹಾಸಿ ಪಾಲು ಹಾಕುತ್ತಿದ್ದರು. ಹೊಡೆದವನಿಗೆ ಒಂದು, ಕಾಡು ಸೋವಿ ಹಂದಿ ಎಬ್ಬಿಸಿದವರಿಗೆ ಒಂದೊಂದು, ಕೋವಿಗೆ ಒಂದು, ನಾಯಿಗೆ ಒಂದು. ನಾಯಿಗೂ ಪಾಲು ಇರುವ ಆ ಸಾಲಿನಲ್ಲಿ ಭಾವನ ಎಲೆ ಇರಲಿಲ್ಲ. ಸುತ್ತಲಿನ ಯಾವ ಮನೆಯವನಿಗೂ ಕಮ್ಮಿಯಿಲ್ಲದಂತೆ ಗದ್ದೆ ಮಾಡುವವನು. ಬೇಟೆಯ ದಿನ ಮನೆಯ ಹಿಂದೆ ಸೌದೆ ಒಡೆಯುತ್ತ ಕೂರುತ್ತಿದ್ದ. ದೂರದಲ್ಲಿ ಕೋವಿಯ ಸದ್ದಾದರೆ ಕೊಡಲಿ ನಿಲ್ಲುತ್ತಿತ್ತು. ಅಕ್ಕ ಒಳಗಿನಿಂದ ಅದನ್ನೇ ಆಲಿಸುತ್ತಿದ್ದಳು.

ಹೆಡ್ ಕ್ಲರ್ಕು ಬಂದು ಹೋದ ಮೇಲೆ ನಾನು ಭಾವನನ್ನು ಸರಿಯಾಗಿಯೇ ತರಾಟೆಗೆ ತೆಗೆದುಕೊಂಡೆ.

"ಊರು ಮರೀತಾ ಬರುವಾಗ ನೀವೇ ಹೋಗಿ ನೆನಪು ಮಾಡಿಕೊಡೋದಾ ಭಾವ? ಆ ಪೌಡರ್ ಮುಸುಡಿಯವು ನಿಮ್ಮನ್ನ ಕರ್ದದ್ದು ಸರ್ಕಸ್ಸಿಗೆ ಕರಡಿ ಕರ್ದ ಹಾಂಗೆ."

"ಊರು ಮರ್ತಿಲ್ಲೆ," ಎಂದ ಭಾವ. "ಮರ್ತಿದ್ರೆ ಬೇಟೆಗೆ ಕರೀತಿದ್ದೊ."

ಆಮೇಲೆ ಅವನು ಕಾರಣ ಹೇಳಿದ. ಜೈಲಿನಲ್ಲಿ ಒಂದು ಹಬ್ಬದ ದಿನ ಕೈದಿಗಳಿಗೆ ಬೆಲ್ಲದ ಅಚ್ಚು ಕೊಟ್ಟಿದ್ದರಂತೆ. ಕಿತ್ತಾಟ ಶುರುವಾಯಿತು. ಭಾವ ಎದ್ದು, ಅಂಗಳದ ಹಲಸಿನೆಲೆ ಹಾಸಿ, ನಮ್ಮ ಬೇಟೆಯ ರೀತಿಯಲ್ಲಿ ಪಾಲು ಹಾಕಿದ. ಅಲ್ಲಿ ಸುತ್ತುತ್ತಿದ್ದ ನಾಯಿಗೂ ಒಂದು ಎಲೆ. ಕಳ್ಳರು, ಕೊಲೆಗಾರರು ಎಲ್ಲ ಸುಮ್ಮನೆ ತಮ್ಮ ತಮ್ಮ ಎಲೆಯ ಮುಂದೆ ಕೂತರಂತೆ. ಇದನ್ನು ಕೇಳಿದ ಹೆಡ್ ಕ್ಲರ್ಕು ಹಾಗೇ ನಾಟಕಕ್ಕೆ ಸೇರಿಸುತ್ತೇನೆ ಎಂದಿದ್ದನಂತೆ.

"ನಮ್ಮವು ಅದರ ನೋಡೊಕು," ಎಂದ ಭಾವ. "ನಾ ಎಲ್ಲಿದ್ದರೂ ಪಾಲು ತಪ್ಪಿಸಿತ್ಲೆ ಅಂತ ಅವ್ಕೆ ಗೊತ್ತಾಕು. ಗೊತ್ತಾದ ಮೇಲೆ ನನ್ನ ಬಿಟ್ಟು ಹೇಂಗೆ ಪಾಲು ಹಾಕುವೊ?"

ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು. ಕ್ಲೀನರಾಗಿ ಸೇರಿ, ಯಾರ ಕಾಲೂ ಹಿಡಿಯದೆ, ಎಸ್ಟೇಟಿನ ಲಾರಿಯ ಸ್ಟೇರಿಂಗ್ ಹಿಡಿದವನು. ಊರವರ ಎದುರು ಕೈಚಾಚುವುದು ನನಗೆ ಆಗದ ಮಾತು. ಆದರೂ ಎಸ್ಟೇಟಿನ ಸಾಹೇಬರನ್ನು ಕೇಳಿ, ಆ ಭಾನುವಾರ ಮಧ್ಯಾಹ್ನ ಅದೇ ಲಾರಿಯಲ್ಲಿ ಊರವರನ್ನು ತುಂಬಿಕೊಂಡು ಮಡಿಕೇರಿಗೆ ಹೋದೆ. ಬೇಟೆಯಲ್ಲಿ ಪಾಲು ಹಾಕಿಸುವ, ಊರಿಗೇ ಹಿರಿಯರಾದ ಅಜ್ಜನನ್ನು ಮುಂದೆ ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಅವರು ದಾರಿಯುದ್ದಕ್ಕೂ ಮಾತಾಡಿದ್ದು ನನ್ನ ಲಾರಿಯ ಹಾರನ್ನಿನ ವಿಷಯ.

ಹಾಲಿನ ಮುಂದಿನ ಸಾಲಿನಲ್ಲಿ ಆಫೀಸರರು, ಅವರ ಹೆಂಡಿರು, ಒಬ್ಬಿಬ್ಬರು ಪ್ಲಾಂಟರುಗಳು. ಹಿಂದೆ ಬೆಂಚುಗಳಲ್ಲಿ ನಾವು. ಪರದೆ ಎದ್ದಾಗ ಜೈಲಿನ ಬಾಗಿಲಲ್ಲಿ ಕೋವಿ ಹಿಡಿದ ಪೋಲಿಸ್ ಒಬ್ಬ, ಒಳಗೆ ಕೈದಿಗಳ ವೇಷದಲ್ಲಿ ಗುಮಾಸ್ತರು ನಿಂತಿದ್ದರು. ಚೆನ್ನಾಗಿ ತಿಂದುಂಡ ಮುಖ, ಇಸ್ತ್ರಿ ಗೆರೆ ಬಿದ್ದ ಚಡ್ಡಿ. ಕಲ್ಲು ಒಡೆಯುವ ಸೀನಿನಲ್ಲಿ ಒಬ್ಬ ಸುತ್ತಿಗೆಯನ್ನು ಗಂಟೆ ಬಾರಿಸುವವನ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದ. ಮಾತು ಮಾತಿಗೆ ತತ್ವ. ಯಾವ ಕೈದಿಯೂ ಹಸಿವಿನ ಸುದ್ದಿ ಎತ್ತಲಿಲ್ಲ, ಎಲ್ಲರಿಗೂ ಆತ್ಮದ್ದೇ ಚಿಂತೆ. ಪ್ಲಾಂಟರೊಬ್ಬರು ಕಣ್ಣು ಮುಚ್ಚಿದರು. ನನ್ನ ಪಕ್ಕದ ನಮ್ಮೂರ ಮೇಷ್ಟ್ರು ಆಗಾಗ ತಲೆಯಾಡಿಸುತ್ತಿದ್ದರು. ಮೆಚ್ಚಿ ಆಡಿಸುವುದೋ, ನಿದ್ದೆ ತಡೆಯಲು ಆಡಿಸುವುದೋ ಅವರಿಗೇ ಗೊತ್ತಿರಲಿಕ್ಕಿಲ್ಲ.

ಬೆಲ್ಲದ ಸೀನು ಬಂತು. ಭಾವ ಮುಂದೆ ಬಂದು ಕೂತ. ಅಲ್ಲಿ ನೆಲದ ಮೇಲೆ ಕೂರಲು ಬರುತ್ತಿದ್ದದ್ದು ಅವನೊಬ್ಬನಿಗೇ. ಎಲೆಗಳನ್ನು ಹಾಸಿದ. ಮಾತಿಲ್ಲ. ಒಂದೊಂದು ಎಲೆಗೂ ಬೆಲ್ಲ ಇಡುತ್ತ, ಎರಡು ಎಲೆಗಳನ್ನು ನೋಡಿ ಒಂದರಿಂದ ಚೂರು ತೆಗೆದು ಇನ್ನೊಂದಕ್ಕೆ ಹಾಕುತ್ತ, ಕೊನೆಗೆ ಸ್ವಲ್ಪ ದೂರದಲ್ಲಿ ನಾಯಿಯ ಎಲೆ ಇಟ್ಟ. ಆ ಗುಮಾಸ್ತರಿಗೆ ತಮ್ಮ ಮಾತು ಮರೆತುಹೋಗಿರಬೇಕು, ಅವರೂ ಸುಮ್ಮನೆ ನೋಡುತ್ತ ನಿಂತರು.

ನಮ್ಮ ಬೆಂಚಿನಲ್ಲಿ ಗುಸುಗುಸು ಎದ್ದಿತು. ಅಜ್ಜ ಮುಂದಕ್ಕೆ ಬಾಗಿದರು. ಈಗ ಒಂದು ಮಾತು ಬರುತ್ತದೆ ಎಂದು ನಾನು ಕಾದೆ. ಬಂತು, ಹಾಲಿಗೆಲ್ಲ ಕೇಳುವ ಹಾಗೆ.

"ಕೋವಿ ಪಾಲು ಎಲ್ಲಿ?"

"ಹೌದಲ್ಲ! ಕೋವಿಗೆ ಹಾಕಿತ್ಲೆ!" ಎಂದ ಹಿಂದಿನ ಬೆಂಚಿನವ.

"ಜೈಲಲ್ಲಿ ಕೋವಿ ಎಲ್ಲಿಂದ ಬರೋದು ಅಜ್ಜ?" ಎಂದೆ ನಾನು, ಹಲ್ಲು ಕಚ್ಚಿ.

"ಪೋಲಿಸ್‌ನವಂದು ಇತ್ತಲ್ಲ, ಬಾಗಿಲಲ್ಲಿ."

ಎಲ್ಲರೂ ನಕ್ಕರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಭಾವ ರಂಗದ ಮೇಲೆ ತಲೆ ಎತ್ತಲಿಲ್ಲ, ಆದರೆ ಎಲೆಯ ಮೇಲಿದ್ದ ಅವನ ಕೈ ಒಂದು ಗಳಿಗೆ ಅಲ್ಲೇ ನಿಂತಿತು.

ನಾಟಕ ಮುಗಿದಾಗ ಚಪ್ಪಾಳೆ ಬಿತ್ತು, ಮಳೆ ನಿಂತ ಮೇಲೆ ಮಾಡಿನಿಂದ ಬೀಳುವ ಹನಿಯಷ್ಟು. ಮುಖ್ಯ ಅತಿಥಿಗಳು ಎದ್ದು "ಒಟ್ಟಿನಲ್ಲಿ ತಕ್ಕಮಟ್ಟಿಗೆ ಯಶಸ್ವಿಯಾದ ಪ್ರಯತ್ನ" ಎಂದರು. ಆ ಮಾತನ್ನು ಅವರು ಮನೆಯಿಂದಲೇ ಬರೆದು ತಂದಿದ್ದರು. ಹೆಂಗಸೊಬ್ಬರು ಜೈಲರನ ಟೋಪಿ ಚೆನ್ನಾಗಿತ್ತು ಎಂದದ್ದು ನನಗೆ ಕೇಳಿಸಿತು. ಹೆಡ್ ಕ್ಲರ್ಕು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ನಾನು ಹೋಗಿ, "ಸ್ವಾಮಿ, ಅಷ್ಟು ಉಪದೇಶ ಕೈದಿಗಳಿಗೂ ಆಗದು, ನಮಗೂ ಆಗದು" ಎಂದೆ. ಅವನ ಮುಖ ಕೆಂಪಾಯಿತು. ಅಂದು ಅವನಿಗೆ ಏನಾದರೂ ಒಂದು ಹೇಳಿದವನು ನಾನೊಬ್ಬನೇ.

ಭಾವ ಬಣ್ಣ ತೊಳೆದು ಬಂದು ಲಾರಿಯ ಹಿಂದೆ ಹತ್ತಿದ. ಮುಂದೆ ಅಜ್ಜನ ಜೊತೆ ಮೇಷ್ಟ್ರೂ ಕೂತರು.

"ಹೇಂಗಿತ್ತು ಮೇಷ್ಟ್ರೆ?" ಎಂದೆ.

"ಪರವಾಗಿಲ್ಲ. ನೋಡಬಹುದು."

"ನೋಡಿ ಆಯ್ತಲ್ಲ. ಒಳ್ಳೆದೋ ಕೆಟ್ಟದೋ?"

"ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಕೆಲವು ಕಡೆ ಚೆನ್ನಾಗಿತ್ತು, ಕೆಲವು ಕಡೆ ಇನ್ನೂ ಚೆನ್ನಾಗಿರಬಹುದಿತ್ತು."

ಇವರು ಮಕ್ಕಳಿಗೆ ಪಾಸು ಫೇಲು ಹೇಗೆ ಹಾಕುತ್ತಿದ್ದರೋ! ಅಜ್ಜನ ಕಡೆ ತಿರುಗಿದೆ. "ನೀವು ಹೇಳಿ ಅಜ್ಜ. ಭಾವ ಪಾಲು ಹಾಕಿದ್ದು ಸರಿ ಉಟ್ಟಾ?"

"ಕೈ ಸರಿ ಉಟ್ಟು," ಎಂದರು ಅಜ್ಜ. ಆಮೇಲೆ ರಸ್ತೆ ನೋಡುತ್ತ, "ಕೋವಿಗೆ ಹಾಕೊಕಿತ್ತು" ಎಂದರು.

ಲಾರಿಯ ಹಿಂಭಾಗದಲ್ಲೂ ಅದೇ ಚರ್ಚೆ ನಡೆದಿತ್ತು. ಕೋವಿ ಇಲ್ಲದ ಬೇಟೆಯಲ್ಲಿ, ಉರುಳಿಗೆ ಬಿದ್ದ ಹಂದಿಯಾದರೆ, ಕೋವಿಗೆ ಪಾಲು ಉಂಟೋ ಇಲ್ಲವೋ. ಗಾಳಿಬೀಡು ಮುಟ್ಟುವವರೆಗೂ ಗಂಟಲು ಹರಿದುಕೊಂಡರು. ಜೈಲಿನ ಸುದ್ದಿ ಇಲ್ಲ, ನಾಟಕದ ಸುದ್ದಿ ಇಲ್ಲ. ಆ ಎಲೆಗಳನ್ನು ಹಾಕಿದವನು ಅವರ ನಡುವೆಯೇ ಕಂಬಿ ಹಿಡಿದು ನಿಂತಿದ್ದ. ಅವನನ್ನು ಒಂದು ಮಾತು ಕೇಳಲಿಲ್ಲ. ಎಂಥ ಜನ! ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು.

ಕೈಲ್ ಮುಹೂರ್ತ ಬಂತು. ಬೇಟೆಗೆ ಹೊರಟವರು ಭಾವನ ಮನೆಯ ಮುಂದಿನ ದಾರಿಯಲ್ಲೇ ಹೋದರು. ಕರೆಯಲಿಲ್ಲ. ಭಾವ ಅಂಗಳದಲ್ಲೇ ನಿಂತಿದ್ದ. ಹಬ್ಬಕ್ಕೆಂದು ಬಂದ ನಾನು ಅದನ್ನು ನೋಡಲಾಗದೆ ಒಳಗೆ ಹೋದೆ.

ಮಧ್ಯಾಹ್ನ ಕಳೆದ ಮೇಲೆ ಅಜ್ಜನ ಸೊಸೆ ಹಿತ್ತಿಲ ಬಾಗಿಲಿಗೆ ಬಂದಳು. ಬಾಳೆಲೆಯ ಕಟ್ಟೊಂದನ್ನು ಅಕ್ಕನ ಕೈಗಿತ್ತು, "ಮಾವ ಕೊಡಿಕೆ ಹೇಳ್ದೊ" ಎಂದು ನಿಲ್ಲದೆ ಹೋದಳು.

ಹಂದಿಯ ಪಾಲು. ಕಾಡಿನಲ್ಲಿ ಸಾಲಲ್ಲಿ ಕೂತು ತೆಗೆದುಕೊಳ್ಳಬೇಕಾದ್ದು. ಹೀಗೆ ಹಿತ್ತಿಲಿಗೆ ಹೋಗುವುದು ಗಂಡು ದಿಕ್ಕಿಲ್ಲದ ಮನೆಗಳಿಗೆ, ಹಾಸಿಗೆ ಹಿಡಿದವರಿಗೆ.

"ಹಿಂದೆ ಕಳ್ಸು ಅಕ್ಕ!" ಎಂದೆ. "ಇಲ್ಲಾಂದ್ರೆ ನಾನೇ ಹೋಗಿ ಅವರ ಜಗುಲಿಗೆ ಬಿಸಾಕಿ ಬರ್ತೆ. ನಾಟಕಕ್ಕೂ ಇದೇ ಸೈ, ಮನುಷ್ಯನಿಗೂ ಇದೇ ಸೈ. ಬೇಕು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ."

"ನೀ ಸುಮ್ಮನಿರ್," ಎಂದಳು ಅಕ್ಕ. ಅವಳು ಗಂಡನ ಮುಖ ನೋಡುತ್ತಿದ್ದಳು.

ಭಾವ ಕಟ್ಟು ಬಿಚ್ಚಿದ. ಮಾಂಸ, ಎಲುಬು, ಚರ್ಮದ ತುಂಡು ಎಲ್ಲವನ್ನೂ ಬೆರಳಿನಿಂದ ಸರಿಸಿ ನೋಡಿದ. "ಸರೀ ಪಾಲು," ಎಂದ. "ಹಾಕಿದವಂಗೆ ನನ್ನ ಎಲೆ ನೆನಪಿತ್ತು."

"ಎಲೆ ನೆನಪಿತ್ತು, ಆಳು ನೆನಪಿರ್ಲಿಲ್ವಾ? ಇದನ್ನ ತಿಂದ್ರೆ ಮುಂದೆ ಯಾವತ್ತೂ ಹಿತ್ತಿಲಿಗೇ ಬರ್ತದೆ ಭಾವ. ನಾನಾದ್ರೆ ಮುಟ್ಟುದಿಲ್ಲ."

"ನೀ ಮುಟ್ಟೊದು ಬೇಡ," ಎಂದ ಭಾವ, ಸಿಟ್ಟಿಲ್ಲದೆ. "ನಿಂಗೆ ಕಾಡಲ್ಲಿ ಪಾಲು ಉಟ್ಟು. ಬೇಡ ಅಂತ ಹೇಳ್ಲಿಕೆ ನಿನ್ನ ಕೈಲಿ ಆಗ್ತದೆ."

ಅಕ್ಕ ಒಲೆ ಹೊತ್ತಿಸಿ ಮೆಣಸು ಹುರಿಯಲು ಶುರು ಮಾಡಿದಳು. ಭಾವ ಕತ್ತಿ ಹಿಡಿದು, ನನಗೆ ಬೆನ್ನು ಮಾಡಿ ಕೂತು, ಮಾಂಸವನ್ನು ಸಣ್ಣಗೆ ಕಡಿಯತೊಡಗಿದ.